ಮೈನಸ್ 1.4 ಡಿಗ್ರಿಯ ಶರಬತ್ತು

"ಮೈನಸ್ 1.4 ಡಿಗ್ರಿ ಬಂತು ಮಾಮ," ಎಂದು ಹುಡುಗಿ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದಳು.

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬೆಳಗ್ಗೆ ನಾಲ್ಕೈದು ಮಕ್ಕಳು ಬರುತ್ತಾರೆ. ಎಲ್ಲ ಎಫ್‌ವೈ ಬಿಎಸ್‌ಸಿ, ಅಂದರೆ ಮೊದಲ ವರ್ಷ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಕೆಳಗೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಇವಳು ನಮ್ಮ ಕೆಳಗಿನ ಮಹಡಿಯವಳು. ಅಪ್ಪನಿಗೆ ಮಾಟುಂಗಾದಲ್ಲಿ ಒಂದು ಸಣ್ಣ ಹೋಟೆಲ್. ಅದಕ್ಕೇ ಅವಳಿಗೆ ಲೆಕ್ಕ ಕೊಡುವಾಗ ನಾನು ಹೋಟೆಲಿನದ್ದೇ ಕೊಡುತ್ತೇನೆ.

ಅವತ್ತಿನ ಲೆಕ್ಕ ಇಷ್ಟೇ. 250 ಗ್ರಾಂ ಪುನರ್ಪುಳಿ ಶರಬತ್ತು (ಇಲ್ಲಿಯವರು ಕೋಕಂ ಅನ್ನುತ್ತಾರೆ) 30 ಡಿಗ್ರಿಯಲ್ಲಿದೆ. ಅದಕ್ಕೆ ಸೊನ್ನೆ ಡಿಗ್ರಿಯ 100 ಗ್ರಾಂ ಐಸ್ ಹಾಕಿದರೆ ಕೊನೆಗೆ ಎಷ್ಟು ಡಿಗ್ರಿ? ಶರಬತ್ತನ್ನು ಬರೀ ನೀರು ಅಂದುಕೊಳ್ಳಬಹುದು. ಗ್ಲಾಸಿನ ಶಾಖ, ಸುತ್ತಲಿನ ಗಾಳಿ ಎಲ್ಲ ಮರೆತುಬಿಡಿ.

"ಸೊನ್ನೆ ಡಿಗ್ರಿ ಐಸ್ ಹಾಕಿದ್ದು ತಾನೆ? ಶರಬತ್ತು ಅದಕ್ಕಿಂತ ಕೆಳಗೆ ಹೇಗೆ ಹೋಯಿತು?"

"ಗೊತ್ತಿಲ್ಲ. ಆದ್ರೆ ಫಾರ್ಮುಲಾ ಕರೆಕ್ಟ್ ಇದೆ. ಎರಡು ಸಲ ಮಾಡಿ ನೋಡಿದೆ."

ಅವಳು ಹೇಳಿದ್ದು ಸುಳ್ಳಲ್ಲ. ಗುಣಾಕಾರ ಸರಿ, ಭಾಗಾಕಾರ ಸರಿ, ಯೂನಿಟ್ ಕೂಡ ಸರಿ. ತಪ್ಪಿದ್ದು ಅದಕ್ಕೂ ಮೊದಲು. ಗ್ಲಾಸಿನಲ್ಲಿ ಏನು ನಡೆಯುತ್ತದೆ ಅಂತ ಯೋಚಿಸದೆ ಸೀದಾ ಫಾರ್ಮುಲಾಕ್ಕೆ ಹೋಗಿದ್ದಳು. ಮೊದಲ ವರ್ಷದ ಮಕ್ಕಳು ಶಾಖದ ಲೆಕ್ಕದಲ್ಲಿ ಎಡವುವುದು ನೂರಕ್ಕೆ ತೊಂಬತ್ತು ಸಲ ಇಲ್ಲೇ. ಗಣಿತ ಬಾರದೆ ಅಲ್ಲ.

ನಾನು ಊರು ಬಿಟ್ಟು ಮುಂಬಯಿಗೆ ಬಂದಾಗ ಹದಿಮೂರು ವರ್ಷ. ಫೋರ್ಟಿನಲ್ಲಿ ಸೋದರಮಾವನ ಹೋಟೆಲ್. ಹಗಲು ಅಲ್ಲಿ ಮಾಣಿ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಮಾವ ಗಲ್ಲೆಯಲ್ಲಿ ಕೂತು ದಿನದ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು? ಮುಂದೆ ಕಾಲೇಜಿನಲ್ಲಿ ಕ್ಯಾಲೊರಿಮೆಟ್ರಿ (ಶಾಖ ಅಳೆಯುವ) ಪಾಠ ಬಂದಾಗ, ಅರೆ, ಇದು ಮಾವನ ಲೆಕ್ಕದ ಪುಸ್ತಕವೇ ಅಲ್ವಾ ಅನಿಸಿತು. ಶಾಖ ಮಾಯ ಆಗುವುದಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ತೆಗೆದುಕೊಂಡಿರಲೇಬೇಕು. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ಹುಡುಗಿಯ ಗ್ಲಾಸಿಗೆ ಬರೋಣ. ಕೊಡುವವನು ಶರಬತ್ತು. ಅವನ ಕೈಯಲ್ಲಿ ಒಟ್ಟು ಎಷ್ಟಿದೆ? ಒಂದು ಗ್ರಾಂ ನೀರು ಒಂದು ಡಿಗ್ರಿ ಇಳಿದರೆ 4.18 ಜೂಲ್ ಬಿಡುತ್ತದೆ. ಹಾಗಾಗಿ 250 ಗ್ರಾಂ ಶರಬತ್ತು 30ರಿಂದ ಸೊನ್ನೆಗೆ ಇಳಿದರೆ 250 × 4.18 × 30 = 31,350 ಜೂಲ್. ಇದು ಅವನ ಪೂರ್ತಿ ಬಂಡವಾಳ. ಇನ್ನು ತೆಗೆದುಕೊಳ್ಳುವವನು ಐಸ್. ಒಂದು ಗ್ರಾಂ ಐಸ್ ಕರಗಲು 334 ಜೂಲ್ ಬೇಕು, 100 ಗ್ರಾಮಿಗೆ 33,400.

ಬೇಕಾದದ್ದು 33,400. ಇರುವುದು 31,350. ಸಾಲದು!

ಅಂದರೆ ಐಸ್ ಪೂರ್ತಿ ಕರಗುವುದೇ ಇಲ್ಲ. 31,350ನ್ನು 334ರಿಂದ ಭಾಗಿಸಿದರೆ ಸುಮಾರು 94 ಗ್ರಾಂ ಕರಗುತ್ತದೆ. 6 ಗ್ರಾಂ ಐಸ್ ಮೇಲೆ ತೇಲುತ್ತಿರುತ್ತದೆ. ತಾಪಮಾನ ಸರಿಯಾಗಿ ಸೊನ್ನೆ. ಹುಡುಗಿಯ ಫಾರ್ಮುಲಾ ಎಲ್ಲ ಐಸೂ ಕರಗಿತು ಎಂದು ಮೊದಲೇ ನಂಬಿಕೊಂಡಿತ್ತು. ಇಲ್ಲದ 2,050 ಜೂಲನ್ನು ಸಾಲ ತಂದು ಕರಗಿಸಿತು. ಆ ಸಾಲವೇ ಮೈನಸ್ 1.4 ಆಗಿ ಕಾಣಿಸಿಕೊಂಡಿತು.

ಐಸ್ 100ರ ಬದಲು 50 ಗ್ರಾಂ ಇದ್ದಿದ್ದರೆ ಅವಳ ಫಾರ್ಮುಲಾ ಚೆನ್ನಾಗಿ ನಡೆಯುತ್ತಿತ್ತು. ಆಗ ಕರಗಲು ಬೇಕಾದದ್ದು 16,700 ಜೂಲ್. ಉಳಿಯುವ 14,650 ಜೂಲನ್ನು ಒಟ್ಟು 300 ಗ್ರಾಂ ನೀರಿಗೆ ಹಂಚಿದರೆ 11.7 ಡಿಗ್ರಿ. ಈಗ ಇನ್ನೊಂದು ಮಾಡಿ ನೋಡಿ. ಐಸ್ ಬದಲು ಸೊನ್ನೆ ಡಿಗ್ರಿಯ ತಣ್ಣೀರನ್ನೇ 50 ಗ್ರಾಂ ಹಾಕಿ. ಶರಬತ್ತು 25 ಡಿಗ್ರಿಗೆ ನಿಂತುಬಿಡುತ್ತದೆ. ಎರಡೂ ಸೊನ್ನೆ ಡಿಗ್ರಿ, ಎರಡೂ 50 ಗ್ರಾಂ. ಒಂದು 11.7ಕ್ಕೆ ಇಳಿಸಿತು, ಇನ್ನೊಂದು 25ಕ್ಕೆ. ತಾಪಮಾನ ಬೇರೆ, ಶಾಖ ಬೇರೆ ಅಂತ ಎಷ್ಟು ಸಲ ಬಾಯಲ್ಲಿ ಹೇಳಿದರೂ ತಲೆಗೆ ಹೋಗದ್ದು ಈ ಎರಡು ಅಂಕಿ ನೋಡಿದರೆ ಹೋಗುತ್ತದೆ. ಥರ್ಮಾಮೀಟರಿಗೆ ಕಾಣದೆ ಐಸ್ ಒಳಗೆ ಹೋಗುವ ಈ ಶಾಖಕ್ಕೆ ಲೇಟೆಂಟ್ ಹೀಟ್ ಅಂತ ಹೆಸರು. ಗುಪ್ತೋಷ್ಣ. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದ.

ಗುಪ್ತೋಷ್ಣದ ಪಾಠ ನನಗೆ ಆಗಿದ್ದು ಪುಸ್ತಕದಲ್ಲಲ್ಲ, ಮಾವನ ಅಡುಗೆಮನೆಯಲ್ಲಿ. ಬೆಳಗಿನ ಐದು ಗಂಟೆ, ನಿದ್ದೆಗಣ್ಣು. ಇಡ್ಲಿ ಸ್ಟೀಮರಿನ ಮುಚ್ಚಳ ನನ್ನ ಕಡೆಗೇ ತೆರೆದೆ. ಮುಂಗೈ ಪೂರ್ತಿ ಬೊಬ್ಬೆ ಎದ್ದಿತು. ಅದಕ್ಕೂ ಹಿಂದೆ ಕುದಿನೀರು ಸಿಡಿದದ್ದಿತ್ತು, ಅಷ್ಟೇನೂ ಆಗಿರಲಿಲ್ಲ. ಎರಡೂ 100 ಡಿಗ್ರಿಯೇ. ಆದರೆ ಒಂದು ಗ್ರಾಂ ಕುದಿನೀರು ಚರ್ಮಕ್ಕೆ ತಾಗಿ 37 ಡಿಗ್ರಿಗೆ ಇಳಿದರೆ ಕೊಡುವುದು ಸುಮಾರು 263 ಜೂಲ್. ಒಂದು ಗ್ರಾಂ ಹಬೆ ಮೊದಲು ನೀರಾಗಬೇಕು, ಅದಕ್ಕೇ 2,260 ಜೂಲ್ ಬಿಡುತ್ತದೆ. ಆಮೇಲೆ ಆ 263. ಒಟ್ಟು 2,500ಕ್ಕೂ ಜಾಸ್ತಿ. ಹೆಚ್ಚುಕಡಿಮೆ ಹತ್ತು ಪಟ್ಟು. ಭಟ್ರು ಮುಚ್ಚಳವನ್ನು ಯಾವಾಗಲೂ ಗೋಡೆಯ ಕಡೆಗೆ ಯಾಕೆ ತೆರೆಯುತ್ತಿದ್ದರು ಎಂದು ಅವತ್ತು ಗೊತ್ತಾಯಿತು. ಇಡ್ಲಿ ಬೇಗ ಬೇಯುವುದೂ ಇದೇ ಹತ್ತು ಪಟ್ಟಿನಿಂದ.

ಹಾಗಾಗಿ ಐಸ್, ಹಬೆ ಇರುವ ಲೆಕ್ಕದಲ್ಲಿ ಮೊದಲು ಕೇಳಬೇಕಾದ್ದು ಇದು: ರೂಪ ಬದಲಾಗುತ್ತಿದೆಯೇ? ಪೂರ್ತಿ ಬದಲಾಗುವಷ್ಟು ಶಾಖ ಇದೆಯೇ? ಇದಕ್ಕೆ ಉತ್ತರ ಸಿಕ್ಕ ಮೇಲೆ ಫಾರ್ಮುಲಾ. ಅದಕ್ಕೂ ಮೊದಲು ಬೇಡ.

ನೀರಿನ ಆ 4.18 ಎಷ್ಟು ದೊಡ್ಡದು ಎಂಬುದನ್ನೂ ಸ್ವಲ್ಪ ನೋಡಿ. ಅಲ್ಯೂಮಿನಿಯಂಗೆ 0.90, ಕಬ್ಬಿಣಕ್ಕೆ 0.45, ತಾಮ್ರಕ್ಕೆ 0.39. ದೋಸೆ ಕಾವಲಿ ಬೇಗ ಕಾಯುತ್ತದೆ, ಪಕ್ಕದ ಸಾಂಬಾರಿನ ತಪಲೆ ಕಾಯುವುದೇ ಇಲ್ಲ ಎಂದು ಗೊಣಗುವುದು ಇದಕ್ಕೇ. ಮೇ ತಿಂಗಳಲ್ಲಿ ಮುಂಬಯಿ ಹಗಲು 33, ರಾತ್ರಿ 27ರ ಆಸುಪಾಸಿನಲ್ಲಿ ಬೆವರಿಸುತ್ತಲೇ ಇರುವುದು, ಪುಣೆ ಮಾತ್ರ ಹಗಲು ಸುಟ್ಟು ರಾತ್ರಿ ತಣ್ಣಗಾಗುವುದು, ಅದರಲ್ಲೂ ನಮ್ಮ ಪಕ್ಕದ ಸಮುದ್ರದ ಕೈವಾಡ ದೊಡ್ಡದು. ಅಷ್ಟು ನೀರು ಬೇಗ ಬಿಸಿಯೂ ಆಗುವುದಿಲ್ಲ, ಬೇಗ ತಣಿಯುವುದೂ ಇಲ್ಲ.

ಶಾಖದ ಲೆಕ್ಕ ಇಲ್ಲಿಗೆ ಅರ್ಧ. ಶಾಖ ಎಲ್ಲಿಂದ ಬಂತು ಎಂದು ಕೇಳಿದ ಕೂಡಲೇ ರಸಾಯನ ಒಳಗೆ ಬರುತ್ತದೆ. ಆಗ ಮೋಲ್ ಎಂಬ ಮಾತು ಬರುತ್ತದೆ. ಮಕ್ಕಳ ಮುಖ ಬಾಡುತ್ತದೆ.

ಮೋಲ್ ಅಂದರೆ ಎಣಿಕೆ, ಅಷ್ಟೇ. ಡಜನ್ ಇದ್ದ ಹಾಗೆ. ಡಜನ್‌ಗೆ 12, ಮೋಲ್‌ಗೆ 6.022 × 10ರ ಘಾತ 23. ಅಣುಗಳನ್ನು ಕೈಯಲ್ಲಿ ಎಣಿಸಲು ಆಗುವುದಿಲ್ಲ, ಅದಕ್ಕೆ ತೂಗಿ ಎಣಿಸುತ್ತೇವೆ. ಬ್ಯಾಂಕಿನಲ್ಲಿ ಚಿಲ್ಲರೆಯನ್ನು ತೂಕ ಮಾಡಿ ಲೆಕ್ಕ ಹಾಕಿದಂತೆ. ಆದರೆ ತೂಕದಲ್ಲೇ ನಿಂತುಬಿಟ್ಟರೆ ಮೋಸ ಹೋಗುತ್ತೇವೆ. ನಾನು ಹುಡುಗಿಗೆ ಕೇಳಿದೆ, "ಇಡ್ಲಿ ವಡೆ ಪ್ಲೇಟಿಗೆ ಎರಡು ಇಡ್ಲಿ, ಒಂದು ವಡೆ. ಅಡುಗೆಮನೆಯಲ್ಲಿ 70 ಇಡ್ಲಿ, 40 ವಡೆ ಇದೆ. ಎಷ್ಟು ಪ್ಲೇಟ್ ಆಗುತ್ತದೆ?"

"35. ಐದು ವಡೆ ಉಳಿಯುತ್ತೆ." ಒಂದು ಸೆಕೆಂಡ್ ಕೂಡ ಹಿಡಿಯಲಿಲ್ಲ.

"ಯಾವುದು ಮೊದಲು ಖಾಲಿ?"

"ಇಡ್ಲಿ."

"ಇಡ್ಲಿಯೇ ಜಾಸ್ತಿ ಇತ್ತಲ್ಲ?"

"ಜಾಸ್ತಿ ಇದ್ರೆ ಏನು ಮಾಮ, ಪ್ಲೇಟಿಗೆ ಎರಡು ಬೇಕಲ್ಲ."

ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಖಾಲಿಯಾಗಿ ಕ್ರಿಯೆ ನಿಲ್ಲಿಸುವ ವಸ್ತು, ಅದರ ಪಾಠ ಮುಗಿಯಿತು. ನಾಲ್ಕು ಪುಟದ ಅಧ್ಯಾಯ ಹೋಟೆಲಿನವರ ಮಗಳಿಗೆ ಹುಟ್ಟುವಾಗಲೇ ಬಂದಿತ್ತು. ಇಡ್ಲಿ ಜಾಗದಲ್ಲಿ ಆಮ್ಲಜನಕ ಇಡುವುದಷ್ಟೇ ಬಾಕಿ.

ಇಡೋಣ. ಸಿಲಿಂಡರಿನ ಎಲ್‌ಪಿಜಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಲೆಕ್ಕ ಸುಲಭ ಆಗಲಿ, ಬರೀ ಬ್ಯೂಟೇನ್ ಎನ್ನೋಣ. ಅದರ ಅಣುವಿನಲ್ಲಿ ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್. ಪೂರ್ತಿ ಉರಿಯಬೇಕಾದರೆ 2 ಮೋಲ್ ಬ್ಯೂಟೇನಿಗೆ 13 ಮೋಲ್ ಆಮ್ಲಜನಕ ಬೇಕು. ಬರುವುದು 8 ಮೋಲ್ ಕಾರ್ಬನ್ ಡೈಆಕ್ಸೈಡ್, 10 ಮೋಲ್ ನೀರು. ಒಂದು ಮೋಲ್ ಬ್ಯೂಟೇನಿನ ತೂಕ 58 ಗ್ರಾಂ, ಆಮ್ಲಜನಕದ್ದು 32. ಈಗ 58 ಗ್ರಾಂ ಬ್ಯೂಟೇನಿಗೆ 160 ಗ್ರಾಂ ಆಮ್ಲಜನಕ ಕೊಟ್ಟರೆ ಯಾವುದು ಮೊದಲು ಖಾಲಿ? ತೂಕ ನೋಡಿದರೆ ಆಮ್ಲಜನಕ ಬೇಕಾದಷ್ಟಿದೆ ಅನಿಸುತ್ತದೆ. ಎಣಿಸಿದರೆ ಅದು 5 ಮೋಲ್. ಬೇಕಾದದ್ದು 6.5. ಸಾಲದು.

ಸಾಲದೇ ಹೋದರೆ ಏನಾಗುತ್ತದೆ ಎಂದು ನೋಡಲು ಲ್ಯಾಬಿಗೆ ಹೋಗಬೇಕಿಲ್ಲ. ಬರ್ನರಿನ ಗಾಳಿಕಿಂಡಿಯಲ್ಲಿ ಜಿಡ್ಡು ಕಟ್ಟಿದಾಗ ನೀಲಿ ಉರಿ ಹಳದಿ ಆಗುತ್ತದೆ. ತಪಲೆಯ ತಳ ಕಪ್ಪಾಗುತ್ತದೆ. ಆ ಮಸಿ ಉರಿಯದೆ ಉಳಿದ ಕಾರ್ಬನ್. ಜೊತೆಗೆ ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅದು ವಿಷ.

ಈಗ ಶಾಖ ಮತ್ತು ಮೋಲ್ ಎರಡನ್ನೂ ಒಂದೇ ಒಲೆಯ ಮೇಲೆ ಇಡೋಣ. ಚಾ ಮಾಡಲು 2 ಲೀಟರ್ ನೀರನ್ನು 500 ಗ್ರಾಂ ತೂಕದ ಅಲ್ಯೂಮಿನಿಯಂ ತಪಲೆಯಲ್ಲಿ 28ರಿಂದ 100 ಡಿಗ್ರಿಗೆ ಕಾಯಿಸಬೇಕು. ಎಷ್ಟು ಗ್ಯಾಸ್ ಬೇಕು?

ತೆಗೆದುಕೊಳ್ಳುವವರು ಇಬ್ಬರು, ನೀರು ಮತ್ತು ತಪಲೆ. ತಪಲೆಯನ್ನು ಎಲ್ಲರೂ ಮರೆಯುತ್ತಾರೆ. ನೀರಿಗೆ 2000 × 4.18 × 72 = 6,01,920 ಜೂಲ್, ಅಂದರೆ 602 ಕಿಲೋಜೂಲ್. ತಪಲೆಗೆ 500 × 0.90 × 72 = 32,400 ಜೂಲ್, 32 ಕಿಲೋಜೂಲ್. ಒಟ್ಟು 634. ಒಲೆಯ ಶಾಖವೆಲ್ಲ ತಪಲೆಗೇ ಹೋಗುವುದಿಲ್ಲ. ಬದಿಯಿಂದ ಹೋಗುತ್ತದೆ, ಮೇಲೆ ಹೋಗುತ್ತದೆ, ಪಕ್ಕದಲ್ಲಿ ನಿಂತ ಭಟ್ರ ಹೊಟ್ಟೆಗೆ ತಾಗುತ್ತದೆ. ನೂರರಲ್ಲಿ 60 ಪಾಲು ಮಾತ್ರ ಒಳಗೆ ಹೋಯಿತು ಎಂದಿಟ್ಟುಕೊಳ್ಳಿ. ಹಾಗಾದರೆ ಗ್ಯಾಸ್ ಕೊಡಬೇಕಾದದ್ದು 634 ÷ 0.60, ಸುಮಾರು 1,057 ಕಿಲೋಜೂಲ್. ಇಲ್ಲಿ ಕೆಲವರು 0.60ರಿಂದ ಗುಣಿಸುತ್ತಾರೆ. ಆಗ ಪೋಲಾಗುವ ಒಲೆಗೆ ಕಡಿಮೆ ಗ್ಯಾಸ್ ಸಾಕು ಅಂತ ಉತ್ತರ ಬರುತ್ತದೆ! ಉತ್ತರ ಬಂದ ಮೇಲೆ ಇಷ್ಟಾದರೂ ನೋಡಬೇಕು.

ಒಂದು ಮೋಲ್ ಬ್ಯೂಟೇನ್ ಉರಿದರೆ 2,877 ಕಿಲೋಜೂಲ್. ನಮಗೆ ಬೇಕಾದದ್ದು 1,057 ÷ 2,877 = 0.367 ಮೋಲ್. ಅದನ್ನು 58ರಿಂದ ಗುಣಿಸಿದರೆ 21.3 ಗ್ರಾಂ. ಒಂದು ಚಮಚ ಸಕ್ಕರೆ ನಾಲ್ಕೈದು ಗ್ರಾಂ ಅಲ್ವಾ, ಹಾಗಾಗಿ ನಾಲ್ಕೈದು ಚಮಚ ತೂಕದ ಗ್ಯಾಸಿನಲ್ಲಿ ಎರಡು ಲೀಟರ್ ನೀರು ಕುದಿ ಮುಟ್ಟುತ್ತದೆ.

ಹೊರಗೆ ಹೋದ ಕಾರ್ಬನ್ ಡೈಆಕ್ಸೈಡ್ ಎಷ್ಟು? ಪ್ರತಿ ಮೋಲಿಗೆ ನಾಲ್ಕು. 1.469 ಮೋಲ್, 64.6 ಗ್ರಾಂ. ಹುಡುಗಿ ಇಲ್ಲಿ ಪೆನ್ ಕೆಳಗಿಟ್ಟಳು.

"21 ಗ್ರಾಂ ಉರಿಸಿ 65 ಗ್ರಾಂ ಹೊಗೆ ಹೇಗೆ ಮಾಮ?"

ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಉತ್ತರ ತಾನೇ ಹುಡುಕಲಿ ಎಂದು ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಆಮ್ಲಜನಕದ ಲೆಕ್ಕ ತೆಗೆದಳು. 76.4 ಗ್ರಾಂ. ನೀರಿನ ಹಬೆ 33.1 ಗ್ರಾಂ. ಒಳಗೆ ಹೋದದ್ದು 21.3 + 76.4 = 97.7. ಹೊರಗೆ ಬಂದದ್ದು 64.6 + 33.1 = 97.7. ಪುಸ್ತಕ ತಾಳೆ ಆಯಿತು. ಪರೀಕ್ಷೆಯಲ್ಲಿ ಇದಕ್ಕೆ ಯಾರೂ ಮಾರ್ಕ್ ಕೊಡುವುದಿಲ್ಲ, ಆದರೆ ಸಮೀಕರಣ ತಪ್ಪಾಗಿ ಬ್ಯಾಲೆನ್ಸ್ ಮಾಡಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮುಂದಿನದು ಕಾಲೇಜ್ ಲ್ಯಾಬಿನ ಥರ್ಮೊಕೋಲ್ ಕಪ್. ಅದರೊಳಗೆ 50 ಮಿಲಿ ಹೈಡ್ರೋಕ್ಲೋರಿಕ್ ಆಮ್ಲ, 50 ಮಿಲಿ ಸೋಡಿಯಂ ಹೈಡ್ರಾಕ್ಸೈಡ್, ಎರಡೂ 1 ಮೋಲಾರ್, ಅಂದರೆ ಲೀಟರಿಗೆ 1 ಮೋಲ್. ಬೆರೆಸಿದಾಗ 27.0 ಇದ್ದದ್ದು 33.5 ಡಿಗ್ರಿಗೆ ಏರಿತು. ದ್ರಾವಣವನ್ನು ನೀರಿನಂತೆಯೇ ಎಣಿಸಿದರೆ 100 × 4.18 × 6.5 = 2,717 ಜೂಲ್. ಗಮನಿಸಿ, 100 ಗ್ರಾಂ. ಬಿಸಿಯಾದದ್ದು ಇಡೀ ಕಪ್ಪಿನ ದ್ರಾವಣ, ಬರೀ ಆಮ್ಲ ಅಲ್ಲ. 50 ಹಾಕಿದವರ ಉತ್ತರ ಸೀದಾ ಅರ್ಧ ಆಗುತ್ತದೆ. ಕ್ರಿಯೆ ನಡೆದದ್ದು 0.05 ಮೋಲ್. ಭಾಗಿಸಿದರೆ ಮೋಲಿಗೆ 54.3 ಕಿಲೋಜೂಲ್. ಪುಸ್ತಕದಲ್ಲಿ ಇರುವುದು 57.3 ಸುಮಾರು. ಉಳಿದ ಮೂರು ಕಿಲೋಜೂಲ್ ಕಪ್ಪಿಗೆ, ಥರ್ಮಾಮೀಟರಿಗೆ, ಗಾಳಿಗೆ ಹೋಯಿತು. ಇದು ತಪ್ಪಲ್ಲ, ಖರ್ಚು. ಕೆಲವು ಮಕ್ಕಳು ಹೆದರಿ ಜರ್ನಲ್‌ನಲ್ಲಿ ರೀಡಿಂಗ್ ತಿದ್ದಿ 57.3 ಮಾಡುತ್ತಾರೆ. ನಾನೂ ಒಮ್ಮೆ ಮಾಡಿ ಸಿಕ್ಕಿಬಿದ್ದಿದ್ದೇನೆ.

ಇನ್ನು ಚಿಹ್ನೆ. ಉತ್ತರ ಪ್ಲಸ್ಸೋ ಮೈನಸ್ಸೋ? ನೀರು ಬಿಸಿಯಾಯಿತು, ಅಂದರೆ ನೀರಿಗೆ ಜಮಾ. ಆ ಶಾಖ ಕೊಟ್ಟದ್ದು ಕ್ರಿಯೆ, ಅದಕ್ಕೆ ಖರ್ಚು. ಡೆಲ್ಟಾ ಎಚ್, ಅಂದರೆ ಕ್ರಿಯೆಯ ಶಾಖ, ಬರೆಯುವುದು ಕ್ರಿಯೆಯ ಖಾತೆಯಲ್ಲಿ. ಹಾಗಾಗಿ ಮೈನಸ್ 54.3. ಯಾರ ಖಾತೆ ಎಂದು ಕೇಳಿಕೊಂಡರೆ ಚಿಹ್ನೆ ಬಾಯಿಪಾಠ ಮಾಡಬೇಕಿಲ್ಲ.

ಈ ಕಪ್ಪಿನ ಮೇಲೆ ನನ್ನ ಮೆಚ್ಚಿನ ಪ್ರಶ್ನೆ ಒಂದಿದೆ. 50ರ ಬದಲು ಎರಡನ್ನೂ 100 ಮಿಲಿ ತೆಗೆದುಕೊಂಡರೆ ತಾಪಮಾನ ಎಷ್ಟು ಏರುತ್ತದೆ? "ಡಬಲ್, 13" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಶಾಖ ಡಬಲ್ ಆಗುವುದು ನಿಜ. ಆದರೆ ಅದನ್ನು ಹಂಚಿಕೊಳ್ಳುವ ನೀರೂ ಡಬಲ್. ಏರಿಕೆ ಅದೇ ಆರೂವರೆ ಡಿಗ್ರಿಯ ಹತ್ತಿರವೇ. ಹಾಗೇ ಆಮ್ಲ 50 ಮಿಲಿ ಇಟ್ಟು ಹೈಡ್ರಾಕ್ಸೈಡ್ 25ಕ್ಕೆ ಇಳಿಸಿದರೆ? ಇಲ್ಲಿ ಇಡ್ಲಿ ವಡೆ ಮತ್ತೆ ಬಂತು. ಮೊದಲು ಖಾಲಿಯಾಗುವುದು ಹೈಡ್ರಾಕ್ಸೈಡ್, 0.025 ಮೋಲ್. ಶಾಖ ಅರ್ಧ, ದ್ರಾವಣ ಮಾತ್ರ 75 ಗ್ರಾಂ. ಶಾಖ ಒಂದಿಷ್ಟೂ ಹೊರಗೆ ಹೋಗದಿದ್ದರೆ, ಅಂದರೆ ಪುಸ್ತಕದ 57.3 ಹಿಡಿದರೆ, ಸುಮಾರು 4.6 ಡಿಗ್ರಿ.

ಕಪ್ಪಿನಲ್ಲಿ ಅಳೆಯಲಾಗದ ಕ್ರಿಯೆಗಳೂ ಇವೆ. ಕಾರ್ಬನ್ ಅರ್ಧಂಬರ್ಧ ಉರಿದು ಬರೀ ಮಾನಾಕ್ಸೈಡ್ ಆಗುವಾಗ ಎಷ್ಟು ಶಾಖ? ಅಲ್ಲಿಗೇ ನಿಲ್ಲಿಸಲು ಆಗುವುದಿಲ್ಲ, ಸ್ವಲ್ಪ ಡೈಆಕ್ಸೈಡ್ ಆಗಿಯೇ ಆಗುತ್ತದೆ. 1840ರಲ್ಲಿ ಜರ್ಮೈನ್ ಹೆಸ್ ಹೇಳಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಕ್ರಿಯೆ ಯಾವ ದಾರಿಯಲ್ಲಿ ನಡೆದರೂ ಒಟ್ಟು ಶಾಖ ಒಂದೇ. ನಮ್ಮವರಿಗೆ ಹೇಳುವಾಗ ನಾನು ಪುಣೆ ದಾರಿ ಹಿಡಿಯುತ್ತೇನೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ರೈಲಿನಲ್ಲಿ ಹೋಗಿ, ಎಕ್ಸ್‌ಪ್ರೆಸ್‌ವೇನಲ್ಲಿ ಹೋಗಿ, ಲೋಣಾವಳದಲ್ಲಿ ಅದಕ್ಕಿಂತ ಮೇಲೆ ಹತ್ತಿ ಚಿಕ್ಕಿ ತಿಂದು ಇಳಿಯಿರಿ. ಕೊನೆಗೆ ನೀವು ಹತ್ತಿದ ಎತ್ತರ ಅಷ್ಟೇ. ವಾಪಸ್ ಬಂದರೆ ಅದೇ ಅಂಕಿ, ಚಿಹ್ನೆ ಉಲ್ಟಾ.

ಕಾರ್ಬನ್‌ನಿಂದ ಡೈಆಕ್ಸೈಡಿಗೆ ಸೀದಾ ಹೋದರೆ ಮೋಲಿಗೆ ಮೈನಸ್ 393.5 ಕಿಲೋಜೂಲ್. ಮಾನಾಕ್ಸೈಡ್‌ನಿಂದ ಡೈಆಕ್ಸೈಡಿಗೆ ಮೈನಸ್ 283.0. ಎರಡೂ ಅಳೆಯಬಹುದು. ಹಾಗಾದರೆ ನಡುವಿನ ಮೆಟ್ಟಿಲು, ಕಾರ್ಬನ್‌ನಿಂದ ಮಾನಾಕ್ಸೈಡಿಗೆ, ಉಳಿದ ಮೈನಸ್ 110.5. ಮಸಿ ಹಿಡಿದ ಬರ್ನರ್ ಯಾಕೆ ದುಡ್ಡು ತಿನ್ನುತ್ತದೆ ಎಂಬುದೂ ಇದರಲ್ಲೇ ಇದೆ. ಕಾರ್ಬನ್ ಮಾನಾಕ್ಸೈಡಿನಲ್ಲೇ ನಿಂತರೆ ಅದರ ಶಾಖದ ಮುಕ್ಕಾಲು ಪಾಲಿನಷ್ಟು ಕೈಗೆ ಸಿಗದೇ ಹೋಗುತ್ತದೆ.

ಮೊನ್ನೆ ಹುಡುಗಿ ತಾನೇ ಒಂದು ಲೆಕ್ಕ ತಂದಳು. ಹೋಟೆಲಿಗೆ ಸಿಲಿಂಡರ್ ಹೋಗಿ ಪೈಪ್ ಗ್ಯಾಸ್ ಬಂದಿದೆ. ಪೈಪ್ ಗ್ಯಾಸಿಗೆ ಕಾವೇ ಇಲ್ಲ ಅಂತ ಅಪ್ಪನ ತಕರಾರು. ಪೈಪಿನಲ್ಲಿ ಬರುವುದು ಮುಖ್ಯವಾಗಿ ಮೀಥೇನ್. ಮೋಲಿಗೆ 890 ಕಿಲೋಜೂಲ್. ಬ್ಯೂಟೇನಿಗೆ 2,877. "ಅಪ್ಪ ಹೇಳಿದ್ದು ಸರಿ" ಅಂದಳು. ಆಮೇಲೆ ಗ್ರಾಂ ಲೆಕ್ಕ ತೆಗೆದಳು. ಮೀಥೇನ್ ಮೋಲಿಗೆ 16 ಗ್ರಾಂ, ಅಂದರೆ ಗ್ರಾಮಿಗೆ 55.6 ಕಿಲೋಜೂಲ್. ಬ್ಯೂಟೇನ್ 49.6. "ಅಪ್ಪ ತಪ್ಪು."

ಯಾರು ಸರಿ? ಗ್ಯಾಸ್ ಬರ್ನರಿಗೆ ಬರುವುದು ತೂಕದಲ್ಲಲ್ಲ, ಅಳತೆಯಲ್ಲಿ. ಒಂದೇ ತಾಪಮಾನ, ಒಂದೇ ಒತ್ತಡದಲ್ಲಿ ಒಂದು ಲೀಟರ್ ಯಾವ ಅನಿಲದಲ್ಲೂ ಅಣುಗಳ ಎಣಿಕೆ ಹೆಚ್ಚುಕಡಿಮೆ ಒಂದೇ ಎಂದು ಅವೊಗಾಡ್ರೊ 1811ರಲ್ಲೇ ಹೇಳಿದ್ದ. ಹಾಗಾಗಿ ಲೀಟರಿಗೆ ಲೀಟರ್ ಹೋಲಿಸಿದರೆ ಬ್ಯೂಟೇನ್ ಮೂರು ಪಟ್ಟಿಗಿಂತ ಜಾಸ್ತಿ ಶಾಖ ಕೊಡುತ್ತದೆ. ಅದೇ ತೂತಿನಿಂದ ಮೀಥೇನ್ ಬಿಟ್ಟರೆ ಉರಿ ಬಡಕಲಾಗಲೇಬೇಕು.

"ಮತ್ತೆ ತೂತು ದೊಡ್ಡದು ಮಾಡಿದ್ರೆ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಅಪ್ಪನಿಗೆ ಫೋನ್ ಹಚ್ಚಿದಳು. ಆ ಕಡೆ ಹೋಟೆಲಿನ ಗದ್ದಲ. ಫಿಟ್ಟರ್ ಬಂದು ಎಲ್ಲ ಬರ್ನರಿನ ಜೆಟ್ (ಗ್ಯಾಸ್ ಬರುವ ಆ ತೂತಿನ ತುಂಡು) ಬದಲಾಯಿಸಿದ್ದಾನಂತೆ, ದೋಸೆ ಕಾವಲಿಯ ಕೆಳಗಿನದೊಂದು ಬಿಟ್ಟು. ಅದರ ಜೆಟ್ ಅವತ್ತು ಅವನ ಹತ್ತಿರ ಇರಲಿಲ್ಲವಂತೆ.